ವೆಂಟೊ ಟಿಎಸ್‌ಐಗೆ ಟೈರು, ಶಾಕ್, ಬ್ರೇಕ್, ರೀಮ್ಯಾಪ್: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ತೀರ್ಪು ಮೊದಲೇ ಹೇಳುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಅಷ್ಟು ಸಾಕು. ನನ್ನ ವೆಂಟೊಗೆ ಹಾಕಿಸಿದ್ದರಲ್ಲಿ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ್ದು ಶಾಕ್ ಅಬ್ಸಾರ್ಬರ್ ಮತ್ತು ಟೈರು. ಆಮೇಲೆ ಬ್ರೇಕ್. ರೀಮ್ಯಾಪ್ (ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸುವುದು) ಮಜಾ ಕೊಡುತ್ತದೆ, ಅದರಲ್ಲಿ ಎರಡು ಮಾತಿಲ್ಲ, ಆದರೆ ಈ ಮೂರೂ ಆದಮೇಲೆ ಮಾಡಿಸಿದರೇನೇ ಆ ಮಜಾ ಪೂರ್ತಿ ಸಿಗುವುದು. ಅಂದಕ್ಕೆ ಅಂತ ಮಾಡಿಸಿದ್ದರಲ್ಲಿ ಕಡಿಮೆ ಖರ್ಚಿನವೇ ಚೆನ್ನಾಗಿ ಕಾಣುತ್ತಿವೆ. ಕಾರನ್ನು ಕೆಳಗಿಳಿಸಿಲ್ಲ, ಸೈಲೆನ್ಸರ್ ಮುಟ್ಟಿಲ್ಲ. ಯಾಕೆ ಅಂತ ಮುಂದೆ ಬರೆದಿದ್ದೇನೆ.

ಕಾರು 2016ರ ಫೋಕ್ಸ್‌ವ್ಯಾಗನ್ ವೆಂಟೊ, 1.2 ಟಿಎಸ್‌ಐ ಪೆಟ್ರೋಲ್, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಪುಣೆ ಪಕ್ಕದ ಚಾಕಣದಲ್ಲಿ ತಯಾರಾದ ಗಾಡಿ. 1197 ಸಿಸಿಯ ಟರ್ಬೊ ಎಂಜಿನ್ (ಗಾಳಿಯನ್ನು ಒತ್ತಿ ಒಳಗೆ ತುಂಬುವಂಥದ್ದು), 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), 7 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್. ಚಕ್ರ 15 ಇಂಚು, ಟೈರು 185/60, ಅಂದರೆ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 60. ನೋಡಲು ತುಂಬಾ ಸಾದಾ ಸೆಡಾನ್. ಆಫೀಸಿನ ಪಾರ್ಕಿಂಗಿನಲ್ಲಿ ನಿಲ್ಲಿಸಿದರೆ ಯಾರೂ ತಿರುಗಿ ನೋಡುವುದಿಲ್ಲ, ಅದೇ ನನಗೆ ಇಷ್ಟ.

ಇದು ಮನೆಯವರೆಲ್ಲ ಓಡಾಡುವ ಕಾರು. ಹಿಂದಿನ ಸೀಟಿನಲ್ಲಿ ಅಪ್ಪ, ಅಮ್ಮ, ನಡುವೆ ಮಗಳು. ನಮ್ಮೂರು ಮೂಡಿಗೆರೆ ಕಡೆ, ಹೆಂಡತಿಯ ತವರು ಬೆಳ್ತಂಗಡಿ. ಅಂದರೆ ಬೆಂಗಳೂರಿನ ಟ್ರಾಫಿಕ್, ಹಾಸನದವರೆಗೆ ಹೈವೇ, ಬೇಲೂರು ದಾಟಿದ ಮೇಲೆ ಅಂಕುಡೊಂಕಿನ ರಸ್ತೆ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟರೆ ಮುಂದೆ ಚಾರ್ಮಾಡಿ ಘಾಟಿ. ಕಾರೊಂದಕ್ಕೆ ಬೇಕಾದ ಪರೀಕ್ಷೆಯೆಲ್ಲ ಈ ಒಂದು ದಾರಿಯಲ್ಲೇ ಆಗಿಹೋಗುತ್ತದೆ. ಹಾಗಾಗಿ ಏನೇ ಹಾಕಿಸಿದರೂ ನಾನು ನೋಡುವುದು ಎರಡೇ: ಘಾಟಿಯಲ್ಲಿ ಕಾರು ಹೇಗೆ ನಡೆದುಕೊಳ್ಳುತ್ತದೆ, ಹಿಂದೆ ಕೂತವರು ಏನು ಹೇಳುತ್ತಾರೆ. ಡ್ರೈವರಿಗೆ ಖುಷಿಯಾಗಿ ಹಿಂದಿನವರಿಗೆ ವಾಂತಿ ಬರುವಂತಾದರೆ ಅದು ಮನೆ ಕಾರಿಗೆ ಬೇಡದ ಕೆಲಸ.

ಹೋಂಡಾ ಸಿಟಿ ಇದೆ, ನನಗೂ ಇದೇ ಥರ ಮಾಡಿಸಬಹುದಾ ಅಂತ ಇಬ್ಬರು ಗೆಳೆಯರು ಕೇಳಿದರು. ಟೈರು, ಶಾಕ್, ಬ್ರೇಕ್ ವಿಷಯ ಅವರಿಗೂ ಅಷ್ಟೇ ಸತ್ಯ. ಸಿಟಿಯ 1.5 ಐ-ವಿಟೆಕ್ ಬಂಗಾರದಂಥ ಎಂಜಿನ್, ಆದರೆ ಅಷ್ಟು ಶಕ್ತಿಗೆ ಕಂಪನಿ ಕೊಟ್ಟಿದ್ದದ್ದು 175 ಅಗಲದ ತೆಳ್ಳನೆ ಟೈರು. ಅಲ್ಲಿಂದಲೇ ಶುರು ಮಾಡಿ ಅಂದೆ. ರೀಮ್ಯಾಪ್ ಮಾತ್ರ ಬೇಡ ಅಂದೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಸಾಫ್ಟ್‌ವೇರ್ ಬದಲಿಸಿ ತೆಗೆಯಬಹುದಾದದ್ದು ತೀರಾ ಕಮ್ಮಿ, ಕೊಟ್ಟ ದುಡ್ಡಿಗೆ ಗೊತ್ತೇ ಆಗುವುದಿಲ್ಲ. ಟರ್ಬೊ ಇದ್ದರೆ ಕಥೆಯೇ ಬೇರೆ, ಗಾಳಿಯ ಒತ್ತಡ ಎಷ್ಟಿರಬೇಕು ಅಂತ ನಿರ್ಧರಿಸುವುದೇ ಸಾಫ್ಟ್‌ವೇರ್.

ಬೆಂಗಳೂರಿನಲ್ಲಿ ಕಾರಿಗೆ ಏನಾದರೂ ಹಾಕಿಸಬೇಕು ಅಂದರೆ ಎಲ್ಲರೂ ಮೊದಲು ಹೋಗುವುದು ಜೆ.ಸಿ. ರೋಡಿಗೆ. ಟೌನ್ ಹಾಲ್, ರವೀಂದ್ರ ಕಲಾಕ್ಷೇತ್ರ ದಾಟಿದರೆ ಮಿನರ್ವ ಸರ್ಕಲ್ ಕಡೆಗೆ ಸಾಲು ಸಾಲು ಅಂಗಡಿ. ಸೀಟ್ ಕವರ್, ಅಲಾಯ್, ಸ್ಟೀರಿಯೊ, ಹಾರ್ನ್, ಲೈಟು, ಸ್ಪಾಯ್ಲರ್, ಮ್ಯಾಟು, ಏನು ಬೇಕೋ ಅದು. ನನಗೆ ಈ ರಸ್ತೆ ಅಂದರೆ ಇಷ್ಟ. ಕೆಲಸ ಗೊತ್ತಿರುವ ಹುಡುಗರು ಇದ್ದಾರೆ, ಬಂಪರ್ ಬಿಚ್ಚಿ ಹಾಕುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಮ್ಯಾಟು, ಸೀಟ್ ಕವರ್, ಡ್ಯಾಶ್ ಕ್ಯಾಮೆರಾ, ಸ್ಪೀಕರ್, ಇಂಥದ್ದಕ್ಕೆಲ್ಲ ಕಣ್ಣು ಮುಚ್ಚಿಕೊಂಡು ಹೋಗಿ, ಚೌಕಾಸಿ ಮಾಡಿ. ಒಂದು ಎಚ್ಚರಿಕೆ ಹೇಳಲೇಬೇಕು. ಕರೆಂಟಿನ ಕೆಲಸಕ್ಕೆ ವೈರ್ ಕತ್ತರಿಸಲು ಬಿಡಬೇಡಿ. ಅಲ್ಲಿನ ಒಂದು ಅಂಗಡಿಯಲ್ಲಿ ಕ್ಯಾಮೆರಾ ಹಾಕುವ ಹುಡುಗ ಫ್ಯೂಸ್ ಬಾಕ್ಸಿನಿಂದ ಲೈನ್ ತೆಗೆಯುವ ಬದಲು ಕಂಪನಿ ವೈರಿನ ಸಿಪ್ಪೆ ಸುಲಿದು ಟೇಪ್ ಸುತ್ತಿ ಕೊಟ್ಟಿದ್ದ. ಅಲ್ಲೇ ಬಿಚ್ಚಿಸಿ, ಫ್ಯೂಸ್ ಟ್ಯಾಪ್ (ವೈರ್ ಕತ್ತರಿಸದೆ ಫ್ಯೂಸಿನ ಜಾಗದಿಂದ ಲೈನ್ ತೆಗೆಯುವ ಪಿನ್ನು) ತರಿಸಿ, ಸರಿಯಾಗಿ ಹಾಕಿಸಿಕೊಂಡು ಬಂದೆ. ಮಾಲೀಕರು ತಕರಾರು ಮಾಡಲಿಲ್ಲ, ಆದರೆ ನಾನು ಪಕ್ಕದಲ್ಲಿ ನಿಲ್ಲದೆ ಕಾಫಿಗೆ ಹೋಗಿದ್ದರೆ ಆ ಜೋಡಣೆ ಡ್ಯಾಶ್‌ಬೋರ್ಡಿನ ಒಳಗೇ ಇರುತ್ತಿತ್ತು. ಎಷ್ಟೋ ಕಾರುಗಳಲ್ಲಿ ಶಾರ್ಟ್ ಆಗುವುದು ಇಂಥ ಜಾಗದಲ್ಲೇ.

ಈಗ ಟೈರಿಗೆ ಬರೋಣ. ಅಂಗಡಿಯವರು ಮೊದಲು ತೋರಿಸುವುದು 17 ಇಂಚಿನ ಅಲಾಯ್. ಫಳಫಳ ಹೊಳೆಯುತ್ತದೆ, ಫೋಟೊದಲ್ಲಿ ಚೆನ್ನಾಗಿ ಬರುತ್ತದೆ. ಅದಕ್ಕೆ 205/45 ಟೈರು ಹಾಕಿದರೆ ಟೈರಿನ ಪಕ್ಕದ ಗೋಡೆಯ ಎತ್ತರ 92 ಮಿ.ಮೀ. ಕಂಪನಿ ಕೊಟ್ಟ 185/60ರಲ್ಲಿ ಅದು 111. ಈ ವ್ಯತ್ಯಾಸದ ಪೆಟ್ಟು ಹಿಂದಿನ ಸೀಟಿನವರ ಬೆನ್ನಿಗೆ ಹೋಗುತ್ತದೆ, ಉಳಿದದ್ದು ರಿಮ್ಮಿಗೆ. ಬೆಂಗಳೂರಿನ ಗುಂಡಿಗೆ ಅಗ್ಗದ ರಿಮ್ಮು ಸೊಟ್ಟಗಾದರೆ ಪುಣ್ಯ, ಬಿರುಕು ಬಿಟ್ಟರೆ ಹೈವೇಯಲ್ಲಿ ಗಾಳಿ ಹೋಗುತ್ತದೆ. ನಾನು ಆರಿಸಿದ್ದು 16 ಇಂಚು, 195/55. ಗೋಡೆ 107 ಮಿ.ಮೀ., ಅಂದರೆ ಮೊದಲಿಗಿಂತ ಬರೀ 4 ಮಿ.ಮೀ. ಕಮ್ಮಿ. ಇದೇ ವೆಂಟೊದ ಆಮೇಲಿನ ಟಾಪ್ ಮಾದರಿಗೆ ಕಂಪನಿಯೇ ಕೊಟ್ಟ ಅಳತೆ ಇದು, ಹಾಗಾಗಿ ಫೆಂಡರಿಗೆ ತಾಗುವ ತಲೆನೋವಿಲ್ಲ, ಆರ್‌ಟಿಒ ಮುಂದೆಯೂ ವಾದಕ್ಕೆ ಜಾಗವಿಲ್ಲ. ಟೈರಿನ ಒಟ್ಟು ಎತ್ತರ 603ರಿಂದ ಸುಮಾರು 621 ಮಿ.ಮೀ.ಗೆ ಏರುತ್ತದೆ, ಶೇಕಡಾ 3ರಷ್ಟು. ಕಾರಿನ ಹೊಟ್ಟೆ 9 ಮಿ.ಮೀ. ಮೇಲೇರಿತು. ನಮ್ಮೂರಿನ ತೋಟದ ದಾರಿಗೆ ಅದು ದೊಡ್ಡ ಉಪಕಾರ. ಸ್ಪೀಡೋಮೀಟರ್ ಮೊದಲು ನಿಜವಾದ ವೇಗಕ್ಕಿಂತ ಜಾಸ್ತಿ ತೋರಿಸುತ್ತಿತ್ತು, ಈಗ ಜಿಪಿಎಸ್‌ಗೆ ಹತ್ತಿರ ಬಂದಿದೆ.

ರಿಮ್ಮು ಕಂಪನಿಯದೇ, ಸೆಕೆಂಡ್ ಹ್ಯಾಂಡ್. ಬೇರೆ ರಿಮ್ಮು ತಗೊಳ್ಳುವವರು ಇಷ್ಟು ನೋಡಲೇಬೇಕು: ವೆಂಟೊಗೆ 5 ಬೋಲ್ಟು, ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ) 100 ಮಿ.ಮೀ., ನಡುವಿನ ತೂತು 57.1 ಮಿ.ಮೀ. ತೂತು ದೊಡ್ಡದಿರುವ ರಿಮ್ಮಿಗೆ ಆ ಸಂದು ತುಂಬುವ ಹಬ್ ರಿಂಗ್ ಹಾಕದಿದ್ದರೆ ಬ್ಯಾಲೆನ್ಸಿಂಗ್ ಎಷ್ಟು ಮಾಡಿಸಿದರೂ 90 ದಾಟಿದ ಮೇಲೆ ಸ್ಟೀರಿಂಗ್ ನಡುಗುತ್ತದೆ. ಹಳೇ ರಿಮ್ಮು ತಗೊಳ್ಳುವಾಗ ದುಡ್ಡು ಕೊಡುವ ಮುಂಚೆ ಬ್ಯಾಲೆನ್ಸಿಂಗ್ ಮೆಷಿನ್ನಿನ ಮೇಲೆ ತಿರುಗಿಸಿ ನೋಡಿ, ಸೊಟ್ಟ ಇದ್ದರೆ ಅಲ್ಲೇ ಕಣ್ಣಿಗೆ ಕಾಣುತ್ತದೆ.

ಟೈರು ಮಿಷೆಲಿನ್ ಪ್ರೈಮಸಿ 4 ಎಸ್‌ಟಿ. ನಾಲ್ಕಕ್ಕೆ 40 ಸಾವಿರದ ಒಳಗೇ ಆಯಿತು. ತಗೊಳ್ಳುವಾಗ ಗೋಡೆಯ ಮೇಲಿನ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ, ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. 2324 ಅಂದರೆ 2024ರ 23ನೇ ವಾರ. ಎರಡು ವರ್ಷ ಗೋಡೌನಿನಲ್ಲಿ ಕೂತ ಟೈರಿಗೆ ಹೊಸದರ ಬೆಲೆ ಕೊಡಬೇಡಿ. ಟೈರು ಹೇಗಿದೆ ಅಂದರೆ, ಮಳೆಯಲ್ಲಿ ಅದ್ಭುತ. ಚಾರ್ಮಾಡಿಯಲ್ಲಿ ಜುಲೈ ತಿಂಗಳಲ್ಲಿ ರಸ್ತೆಯ ಮೇಲೇ ಝರಿ ಹರಿಯುತ್ತಿರುತ್ತದೆ, ಹಳೆಯ ಟೈರಿನಲ್ಲಿ ತಿರುವಿನಲ್ಲಿ ಮೂತಿ ಹೊರಗೆ ಎಳೆಯುತ್ತಿತ್ತು, ಈಗ ತಿರುಗಿಸಿದ ಕಡೆ ಹೋಗುತ್ತದೆ, ಅಷ್ಟೇ. ಸದ್ದೂ ಕಮ್ಮಿ. ಹಾಸನದ ಕಾಂಕ್ರೀಟ್ ಇಲ್ಲದ ಹೈವೇ ಮೇಲೆ ಅಪ್ಪ ರೇಡಿಯೊ ಸೌಂಡ್ ಕಮ್ಮಿ ಮಾಡು ಅಂದರು, ನಾನು ಅದೇ ಹಳೇ ಸೌಂಡಿನಲ್ಲಿ ಇಟ್ಟಿದ್ದೆ. ಸ್ಪೋರ್ಟಿ ಟೈರು ಬೇಕು, ಸ್ಟೀರಿಂಗ್ ಚೂಪಾಗಿರಬೇಕು ಅನ್ನುವವರಿಗೆ ಇದು ಸ್ವಲ್ಪ ಮೆತ್ತಗೆ ಅನ್ನಿಸಬಹುದು. ಮನೆ ಕಾರಿಗೆ ನಾನು ಮತ್ತೆ ಇದನ್ನೇ ತಗೊಳ್ಳುತ್ತೇನೆ.

ಶಾಕ್ ಅಬ್ಸಾರ್ಬರ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದರ ಬಗ್ಗೆ ಯಾರೂ ಕೇಳುವುದೇ ಇಲ್ಲ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಕುಣಿಯದಂತೆ ಹಿಡಿಯುವುದು ಶಾಕ್. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ಹಾದುಹೋಗುವಾಗ ಕುಣಿತದ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. 60, 70 ಸಾವಿರ ಕಿ.ಮೀ. ಓಡಿದ ಶಾಕ್ ಸೋರದಿದ್ದರೂ ಸತ್ತಂತೆಯೇ ಇರುತ್ತದೆ, ನಿಧಾನವಾಗಿ ಸಾಯುವುದರಿಂದ ನಮಗೆ ಗೊತ್ತಾಗುವುದಿಲ್ಲ. ಹೈವೇಯಲ್ಲಿ ಸೇತುವೆಯ ಜೋಡಣೆ ದಾಟಿದ ಮೇಲೆ ಕಾರು ಒಂದು ಸಲ ಎದ್ದು ಕೂರಬೇಕು. ಎರಡು ಮೂರು ಸಲ ತೂಗಿದರೆ ಶಾಕ್ ಹೋಗಿದೆ ಅಂತಲೇ ಅರ್ಥ. ಜನ ಎಂಜಿನ್ನಿಗೆ ದುಡ್ಡು ಹಾಕುತ್ತಾರೆ, ಈ ಸತ್ತ ಶಾಕ್ ಮೇಲೇ ಓಡಿಸುತ್ತಾರೆ.

ನಾನು ಹಾಕಿಸಿದ್ದು ಬಿಲ್‌ಸ್ಟೈನ್ ಬಿ6. ಇದು ಮೊನೊಟ್ಯೂಬ್, ಅಂದರೆ ಒಂದೇ ಕೊಳವೆ, ಒತ್ತಡದ ಗ್ಯಾಸು ಎಣ್ಣೆಯನ್ನು ನೊರೆಯಾಗಲು ಬಿಡುವುದಿಲ್ಲ, ಘಾಟಿಯಲ್ಲಿ ಎಷ್ಟು ಹೊತ್ತು ಓಡಿಸಿದರೂ ಹಿಡಿತ ಸಡಿಲವಾಗುವುದಿಲ್ಲ. ಬಿಲ್‌ಸ್ಟೈನಿನದೇ ಬಿ4 ಇದೆ, ಕಾರಿನ ಜೊತೆ ಬರುವ ಶಾಕಿಗೆ ಹತ್ತಿರ, ಮೆತ್ತಗೆ, ಬೆಲೆಯೂ ಕಮ್ಮಿ. ಬಿ8 ಕೆಳಗಿಳಿಸುವ ಸ್ಪ್ರಿಂಗ್ ಹಾಕುವವರಿಗೆ. ಬಿ6 ಕಂಪನಿಯ ಸ್ಪ್ರಿಂಗಿನ ಜೊತೆಗೇ ಕೂರುತ್ತದೆ, ಎತ್ತರ ಬದಲಾಗುವುದಿಲ್ಲ. ನನಗೆ ಬೇಕಿದ್ದದ್ದು ಅದೇ. ನಮ್ಮ ಅಪಾರ್ಟ್‌ಮೆಂಟಿನ ರ‍್ಯಾಂಪ್, ಬೆಂಗಳೂರಿನ ಹಂಪುಗಳು, ಐದು ಜನ, ಡಿಕ್ಕಿ ತುಂಬ ಲಗೇಜು, ಮೇಲೆ ಊರಿಂದ ಬರುವಾಗ ಒಂದು ಗೊನೆ ಬಾಳೆಕಾಯಿ ಮತ್ತು ತೆಂಗಿನಕಾಯಿ ಚೀಲ. ಇದರಲ್ಲಿ 30 ಮಿ.ಮೀ. ಇಳಿಸಿದ ಕಾರು ಪ್ರತಿ ಹಂಪಿಗೂ ಹೊಟ್ಟೆ ಉಜ್ಜುತ್ತದೆ. ಇಳಿಸಿದ ವೆಂಟೊ ನೋಡಲು ಚಂದ, ನಾನೂ ನಿಂತು ನೋಡುತ್ತೇನೆ. ಒಬ್ಬರೋ ಇಬ್ಬರೋ ಓಡಾಡುವ ಕಾರಾದರೆ ಇಳಿಸಿಕೊಳ್ಳಿ.

ಬೆಲೆ ಕಮ್ಮಿಯೇನಲ್ಲ. ಸಣ್ಣಪುಟ್ಟದ್ದೆಲ್ಲ ಸೇರಿ 60 ಸಾವಿರ ದಾಟಿತು. ಆ ಸಣ್ಣಪುಟ್ಟದ್ದು ಬಿಡಬೇಡಿ: ಸ್ಟ್ರಟ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಲಿಂಕ್ ರಾಡ್, ಲೋಯರ್ ಆರ್ಮ್ ಬುಷ್ (ಜೋಡಣೆಯ ರಬ್ಬರ್). ಹೇಗೂ ಬಿಚ್ಚುತ್ತಾರೆ, ಕೂಲಿ ಒಂದೇ. ಹಳೇ ಮೌಂಟಿನ ಮೇಲೆ ಹೊಸ ಶಾಕ್ ಕೂರಿಸಿದರೆ ತಿಂಗಳೊಳಗೆ ಟಕಟಕ ಅನ್ನುತ್ತದೆ, ಆಗ ಎಲ್ಲರೂ ಶಾಕ್ ಸರಿಯಿಲ್ಲ ಅಂತ ಬೈಯುತ್ತಾರೆ. ಕೆಲಸ ಮಾಡಿದ ಮೆಕ್ಯಾನಿಕ್ ಹಳಬರು. ಬುಷ್‌ಗಳ ಬೋಲ್ಟನ್ನು ಕಾರು ಲಿಫ್ಟಿನ ಮೇಲಿರುವಾಗ ಪೂರ್ತಿ ಬಿಗಿಮಾಡದೆ, ಕೆಳಗಿಳಿಸಿ ಚಕ್ರದ ಮೇಲೆ ಭಾರ ಬಿದ್ದಮೇಲೆ ಬಿಗಿಮಾಡಿದರು. ಹಾಗೆ ಮಾಡದಿದ್ದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನಿಮ್ಮ ಮೆಕ್ಯಾನಿಕ್ ಇದನ್ನು ನೀವು ಹೇಳದೆಯೇ ಮಾಡಿದರೆ ಅವರನ್ನು ಬಿಡಬೇಡಿ. ಆಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ.

ಫಲಿತಾಂಶ ಹೇಗಿದೆ? 40ಕ್ಕಿಂತ ಕಮ್ಮಿ ವೇಗದಲ್ಲಿ ಸಣ್ಣ ಗುಂಡಿಗಳು ಮೊದಲಿಗಿಂತ ಸ್ವಲ್ಪ ಜಾಸ್ತಿ ಗೊತ್ತಾಗುತ್ತವೆ, ಇದನ್ನು ಮುಚ್ಚಿಡುವುದಿಲ್ಲ. ವೇಗ ಏರಿದಂತೆ ಕಾರು ಬೇರೆಯೇ ಆಗುತ್ತದೆ. ತೂಗಾಟ ಇಲ್ಲ, ತಿರುವಿನಲ್ಲಿ ಮಗ್ಗುಲಿಗೆ ವಾಲುವುದು ಕಮ್ಮಿ, ಬ್ರೇಕ್ ಹಾಕಿದರೆ ಮೂತಿ ಮುಗ್ಗರಿಸುವುದಿಲ್ಲ. ಘಾಟಿಯ ಹೇರ್‌ಪಿನ್ನಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸುವಾಗ ಮೊದಲು ಇಡೀ ಬಾಡಿ ಒಂದು ಕ್ಷಣ ತಡವಾಗಿ ಹಿಂದೆಯೇ ಬರುತ್ತಿತ್ತು, ಈಗ ಜೊತೆಗೇ ಬರುತ್ತದೆ. ವಾಂತಿ ಬರಿಸುವುದು ಆ ತಡವಾದ ತೂಗಾಟವೇ. ಅಮ್ಮ ಪ್ರತಿ ಸಲ ಕೊಟ್ಟಿಗೆಹಾರದಲ್ಲೇ ಮಾತ್ರೆ ನುಂಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದವರು, ಶಾಕ್ ಹಾಕಿಸಿದ ಮೇಲೆ ಚಾರ್ಮಾಡಿ ಇಳಿಯುವಾಗ ಮೊಮ್ಮಗಳಿಗೆ ಜಲಪಾತ ತೋರಿಸುತ್ತಿದ್ದರು. "ಈ ಸಲ ನಿಧಾನಕ್ಕೆ ಓಡಿಸ್ದೆ ಅಲ್ವೇನೋ" ಅಂದರು. ವೇಗ ಮೊದಲಿನಷ್ಟೇ ಇತ್ತು. ಬಿಲ್‌ಸ್ಟೈನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನ್ನ ಹತ್ತಿರ ಇಲ್ಲ.

ಬ್ರೇಕಿನ ವಿಷಯ ಚಿಕ್ಕದು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಫೋಕ್ಸ್‌ವ್ಯಾಗನ್ ಗುಂಪಿನದೇ ದೊಡ್ಡ ಕಾರುಗಳ 288 ಮಿ.ಮೀ. ಡಿಸ್ಕ್, ಕ್ಯಾಲಿಪರ್ ತಂದು ಮುಂದೆ ಕೂರಿಸುವವರು ಬಹಳ ಜನ ಇದ್ದಾರೆ, ಒಳ್ಳೆಯ ಕೆಲಸ. ನನಗೆ ಅಷ್ಟು ಬೇಕಾಗಲಿಲ್ಲ. ಹೊಸ ಡಿಸ್ಕ್, ಒಳ್ಳೆಯ ಪ್ಯಾಡ್, ಬ್ರೇಕ್ ಆಯಿಲ್ ಪೂರ್ತಿ ಬದಲಾವಣೆ, ಹಿಂದಿನ ಡ್ರಮ್ ಬಿಚ್ಚಿ ಕ್ಲೀನ್ ಮಾಡಿ ಅಡ್ಜಸ್ಟ್. 15 ಸಾವಿರದ ಆಸುಪಾಸು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕಮ್ಮಿ ಅಂದರೂ 230 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ, ನೀರು ಸೇರಿದ ಮೇಲೆ ಅದು 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗಿ ಒಳಗೆ ಹೋಗುವುದು ಇದರಿಂದಲೇ. ಮಲೆನಾಡಿನ ತೇವದಲ್ಲಿ ಓಡುವ ಕಾರಿಗೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು, ಮಾಡಿಫಿಕೇಶನ್ ಮಾಡಿಸದವರೂ ಸಹ. ಮತ್ತೆ ಡಿಎಸ್‌ಜಿ ಇದ್ದವರು ಇಳಿಜಾರಿನಲ್ಲಿ ಡಿ ಮೋಡಿನಲ್ಲಿ ಬಿಡದೆ ಲಿವರ್ ಪಕ್ಕಕ್ಕೆ ತಳ್ಳಿ ಎರಡನೇ ಗೇರಿನಲ್ಲಿ ಇಳಿಸಿ, ಎಂಜಿನ್ನೇ ಅರ್ಧ ಬ್ರೇಕ್ ಹಿಡಿಯುತ್ತದೆ.

ಇಷ್ಟೆಲ್ಲ ಆದಮೇಲೆ ರೀಮ್ಯಾಪ್. ಸ್ಟೇಜ್ 1, ಅಂದರೆ ಯಾವ ಪಾರ್ಟೂ ಬದಲಿಸದೆ ಬರೀ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸಾಫ್ಟ್‌ವೇರ್. ಕಂಪನಿ ಒಂದೇ ಎಂಜಿನ್ನನ್ನು ಬೇರೆ ಬೇರೆ ದೇಶಕ್ಕೆ, ಕಳಪೆ ಪೆಟ್ರೋಲಿಗೆ, ಸುಡುವ ಬಿಸಿಲಿಗೆ, ಸರ್ವಿಸ್ ಮಾಡಿಸದ ಮಾಲೀಕರಿಗೆ, ಎಲ್ಲರಿಗೂ ಆಗುವಂತೆ ಮಾಡುತ್ತದೆ, ಅದಕ್ಕೆ ಸ್ವಲ್ಪ ಶಕ್ತಿ ಬಾಕಿ ಇಟ್ಟಿರುತ್ತದೆ. ಟ್ಯೂನರ್ ಟರ್ಬೊ ಒತ್ತಡ, ಇಂಧನ, ಕಿಡಿ ಹೊತ್ತುವ ಸಮಯ ಬದಲಿಸಿ ಆ ಬಾಕಿಯನ್ನು ತೆಗೆಯುತ್ತಾರೆ. ನನಗೆ ಆದದ್ದು 35 ಸಾವಿರದ ಆಸುಪಾಸು. ಅವರು ಕೊಟ್ಟ ಶೀಟಿನಲ್ಲಿ 130 ಪಿಎಸ್ ಹತ್ತಿರ, ಟಾರ್ಕ್ 210 ನ್ಯೂಟನ್ ಮೀಟರ್ ಹತ್ತಿರ. ಇದಕ್ಕಿಂತ ಜಾಸ್ತಿ ಕೊಡುವ ಸಾಫ್ಟ್‌ವೇರ್ ಫೈಲೂ ಇತ್ತು, ನಾನೇ ಬೇಡ ಅಂದೆ. ಈ ಕಾರಿನ ಒಣ ಕ್ಲಚ್ಚಿನ ಡಿಎಸ್‌ಜಿ, ಡಿಕ್ಯೂ200 ಅಂತ ಹೆಸರು, ತಯಾರಾದದ್ದೇ 250 ನ್ಯೂಟನ್ ಮೀಟರಿನವರೆಗೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅದಕ್ಕೆ ಮೊದಲೇ ಬಿಸಿ ಜಾಸ್ತಿ, ಆ ಗಡಿಯ ಹತ್ತಿರ ಹೋಗುವುದು ಬೇಡ.

ಟ್ಯೂನರ್ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಒಂದೊಂದು ಎಂಜಿನ್ನಿಗೆ ಒಬ್ಬೊಬ್ಬರ ಫೈಲ್ ಚೆನ್ನಾಗಿರುತ್ತದೆ, ನನ್ನ ಕಾರಿಗೆ ಸರಿಹೋದವರು ನಿಮ್ಮ ಡೀಸೆಲ್‌ಗೆ ಸರಿಹೋಗಬೇಕು ಅಂತಿಲ್ಲ. ಯಾರ ಹತ್ತಿರ ಹೋದರೂ ಇಷ್ಟು ಕೇಳಿ. ನನ್ನ ಮೂಲ ಫೈಲ್ ಕಾಪಿ ಇಟ್ಟುಕೊಳ್ಳುತ್ತೀರಾ, ಬೇಡ ಅನ್ನಿಸಿದರೆ ವಾಪಸ್ ಹಾಕಿಕೊಡುತ್ತೀರಾ? ರಸ್ತೆಯಲ್ಲಿ ಓಡಿಸಿ ಲಾಗ್ (ಎಂಜಿನ್ನಿನ ಅಂಕಿಗಳ ದಾಖಲೆ) ತೆಗೆಯುತ್ತೀರಾ, ಅದರಲ್ಲಿ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನಾಗೇ ಹೊತ್ತಿಕೊಳ್ಳುವುದು) ಎಷ್ಟಿದೆ ಅಂತ ನನಗೂ ತೋರಿಸುತ್ತೀರಾ? ಯಾವ ಪೆಟ್ರೋಲಿಗೆ ಬರೆದ ಫೈಲ್ ಇದು? ಡೈನೊ (ಶಕ್ತಿ ಅಳೆಯುವ ಮೆಷಿನ್) ಅಂಕಿ ಚಕ್ರದ ಹತ್ತಿರದ್ದಾ, ಎಂಜಿನ್ನಿನದ್ದಾ? ಇದಕ್ಕೆ ನೆಟ್ಟಗೆ ಉತ್ತರ ಕೊಡದೆ "ಸರ್, ರಾಕೆಟ್ ಆಗುತ್ತೆ" ಅನ್ನುವವರ ಹತ್ತಿರ ಕಾರು ಬಿಡಬೇಡಿ. ನನ್ನವರು ಮೊದಲು ಕಾರನ್ನು ಸ್ಕ್ಯಾನ್ ಮಾಡಿ, ಸ್ಪಾರ್ಕ್ ಪ್ಲಗ್ ಹೊಸದು ಹಾಕಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಿದರು. ಅಲ್ಲೇ ನನಗೆ ನಂಬಿಕೆ ಬಂತು.

ಓಡಿಸಲು ಹೇಗಿದೆ ಅಂದರೆ, ಎಲ್ಲಕ್ಕಿಂತ ಜಾಸ್ತಿ ಬದಲಾದದ್ದು ನಡುವಿನ ಎಳೆತ. ಮೊದಲು ಹಾಸನ ದಾಟಿ ಎರಡು ಪಥದ ರಸ್ತೆಯಲ್ಲಿ ಲಾರಿ ಹಿಂದಿಕ್ಕಲು ಕಾಲು ಪೂರ್ತಿ ಒತ್ತಿ, ಗೇರ್ ಎರಡು ಮೆಟ್ಟಿಲು ಇಳಿಯುವವರೆಗೆ ಕಾಯಬೇಕಿತ್ತು. ಈಗ ಅರ್ಧ ಒತ್ತಿದರೆ ಸಾಕು, ಅದೇ ಗೇರಿನಲ್ಲೇ ಎಳೆದುಕೊಂಡು ಹೋಗುತ್ತದೆ. ಐದು ಜನ, ಲಗೇಜು, ಏಸಿ ಹಾಕಿಕೊಂಡು ಘಾಟಿ ಹತ್ತುವಾಗ ಎಂಜಿನ್ ಒದ್ದಾಡುವುದೇ ಇಲ್ಲ. ಹಿಂದಿಕ್ಕುವಾಗ ಎದುರು ಪಥದಲ್ಲಿ ಕಳೆಯುವ ಹೊತ್ತು ಕಮ್ಮಿಯಾದದ್ದನ್ನು ನಾನು ಸುರಕ್ಷತೆ ಅಂತಲೇ ಎಣಿಸುತ್ತೇನೆ. ಆದರೆ ಇದೇ ಶಕ್ತಿ ಹಳೇ 185 ಟೈರು, ಸತ್ತ ಶಾಕ್ ಮೇಲೆ ಇದ್ದಿದ್ದರೆ ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಸುಮ್ನೆ ತಿರುಗುತ್ತಿತ್ತು, ಆ ಸುರಕ್ಷತೆ ಅಲ್ಲಿಗೆ ಮುಗಿಯುತ್ತಿತ್ತು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹೆಚ್ಚಿನ ವ್ಯತ್ಯಾಸ ಇಲ್ಲ. ಮೈಲೇಜ್ ನಿಧಾನಕ್ಕೆ ಓಡಿಸಿದರೆ ಮೊದಲಿನಷ್ಟೇ, ಕಾಲು ಭಾರವಾದರೆ ಇಳಿಯುತ್ತದೆ.

ಖರ್ಚು ಆ 35 ಸಾವಿರಕ್ಕೆ ನಿಲ್ಲುವುದಿಲ್ಲ ಅನ್ನುವುದನ್ನು ಟ್ಯೂನರ್‌ಗಳು ಮೆಲ್ಲಗೆ ಹೇಳುತ್ತಾರೆ, ನಾನು ಜೋರಾಗಿ ಹೇಳುತ್ತೇನೆ. ಈ ಫೈಲಿಗೆ 95 ಆಕ್ಟೇನಿನ (ನಾಕಿಂಗ್ ತಡೆಯುವ ಗುಣದ ಅಳತೆ) ಪೆಟ್ರೋಲ್ ಬೇಕು, ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95 ಹಾಕಿಸುತ್ತೇನೆ, ಲೀಟರಿಗೆ ಜಾಸ್ತಿ ದುಡ್ಡು. ಊರ ಕಡೆ ಎಲ್ಲ ಬಂಕಿನಲ್ಲೂ ಸಿಗುವುದಿಲ್ಲ, ಹಾಸನದಲ್ಲೇ ತುಂಬಿಸಿಕೊಳ್ಳಬೇಕು, ಸಿಗದೇ ಸಾದಾ ಹಾಕಿದರೆ ಮೆತ್ತಗೆ ಓಡಿಸಬೇಕು. ಎಂಜಿನ್ ಆಯಿಲ್ ಫೋಕ್ಸ್‌ವ್ಯಾಗನ್ 502 ದರ್ಜೆಯ 5ಡಬ್ಲ್ಯು-40. ಕಂಪನಿ ಹೇಳುವುದು 15 ಸಾವಿರ ಕಿ.ಮೀ., ನಾನು ಅದರ ಅರ್ಧಕ್ಕೇ ಬದಲಿಸುತ್ತೇನೆ. ವಾರಂಟಿ ಇರುವ ಕಾರಿಗೆ ರೀಮ್ಯಾಪ್ ಬೇಡವೇ ಬೇಡ. ಶೋರೂಮಿನ ಸ್ಕ್ಯಾನರ್‌ಗೆ ಫೈಲ್ ಬದಲಾದದ್ದು ಸಿಕ್ಕಿಬಿಟ್ಟರೆ ಕಾರಿನ ದಾಖಲೆಯಲ್ಲಿ ಟಿಡಿ1 ಅಂತ ಗುರುತು ಬೀಳುತ್ತದೆ, ಎಂಜಿನ್, ಗೇರ್‌ಬಾಕ್ಸ್ ವಾರಂಟಿಗೆ ಆಮೇಲೆ ಅವರು ಒಪ್ಪುವುದು ಕಷ್ಟ.

ಏರ್ ಫಿಲ್ಟರ್ ಕಂಪನಿಯ ಪೇಪರ್‌ದೇ ಇಟ್ಟಿದ್ದೇನೆ. ಈ ಮಟ್ಟದ ಶಕ್ತಿಗೆ ಅದು ಸಾಲುತ್ತದೆ, ನಮ್ಮ ಧೂಳಿಗೆ ಅದೇ ವಾಸಿ. ಸೈಲೆನ್ಸರ್ ಬದಲಿಸಲಿಲ್ಲ. ಹಿಂದಿನ ಡಬ್ಬಿ ಬದಲಿಸಿದರೆ ಬರುವುದು ಸದ್ದು ಮಾತ್ರ, ಹೊಗೆ ಶುದ್ಧ ಮಾಡುವ ಕ್ಯಾಟ್ ಕನ್ವರ್ಟರ್ ತೆಗೆಸಿದರೆ ಹೊಗೆ, ಎರಡೂ ನಮ್ಮ ಬೀದಿಯ ಮಕ್ಕಳಿಗೆ, ಮುದುಕರಿಗೆ ತೊಂದರೆ. ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಲ್ಲಿ ಶಬ್ದ, ಹೊಗೆಗೆ ಮೊದಲ ಸಲವೇ 10 ಸಾವಿರ ರೂಪಾಯಿವರೆಗೆ ದಂಡ ಇದೆ, ಸರಿಯಾಗೇ ಇದೆ.

ಇನ್ನು ಅಂದ. ಗ್ರಿಲ್ಲಿನ ಕೆಳಗೆ ತೆಳುವಾದ ಒಂದು ಕೆಂಪು ಗೆರೆ, ಅಮೆರಿಕದ ಜೆಟ್ಟಾ ಜಿಎಲ್‌ಐ ಕಾರಿಗೆ ಇರುವ ಥರ. ವಿನೈಲ್ ಪಟ್ಟಿ, ಕೆಲವು ನೂರು ರೂಪಾಯಿ. ಹಿಂದೆ ಡಿಕ್ಕಿ ಮುಚ್ಚಳದ ಮೇಲೆ ಬಾಡಿ ಬಣ್ಣದ್ದೇ ಸಣ್ಣ ಲಿಪ್ ಸ್ಪಾಯ್ಲರ್, ತೂತು ಕೊರೆಯದೆ ಅಂಟಿಸಿದ್ದು. ಹಿಂದಿನ ಬ್ಯಾಡ್ಜುಗಳಲ್ಲಿ ಲಾಂಛನ ಒಂದು ಬಿಟ್ಟು ಎಲ್ಲ ತೆಗೆಸಿದೆ. ಬಣ್ಣಕ್ಕೆ ಪಾಲಿಶ್ ಮಾಡಿಸಿ ಗೀರುಗಳನ್ನು ತೆಗೆಸಿ ಸಿರಾಮಿಕ್ ಕೋಟಿಂಗ್. ಇಷ್ಟರಲ್ಲೇ ಕಾರು ಎರಡು ಮೆಟ್ಟಿಲು ಮೇಲಿನದರ ಹಾಗೆ ಕಾಣುತ್ತದೆ. 16 ಇಂಚಿನ ಚಕ್ರ ಗಾಲಿಯ ಕಮಾನು ತುಂಬಿಕೊಂಡು ನಿಂತಿರುವುದೂ ಇದಕ್ಕೆ ದೊಡ್ಡ ಕಾರಣ. ಬಾಡಿ ಕಿಟ್ ಬೇಡ, ನಮ್ಮ ರಸ್ತೆಯಲ್ಲಿ ಮುಂದಿನ ತುಟಿ ಮೂರು ತಿಂಗಳು ಉಳಿಯುವುದಿಲ್ಲ.

ಲೈಟು ವಿಷಯದಲ್ಲಿ ನನಗೆ ಕೋಪ ಇದೆ. ಹ್ಯಾಲೊಜನ್‌ಗೆ ಮಾಡಿದ ಹೆಡ್‌ಲೈಟಿನ ಒಳಗೆ ಅಗ್ಗದ ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕು ರಸ್ತೆಗೆ ಬೀಳುವುದಿಲ್ಲ, ಎದುರಿನವರ ಕಣ್ಣಿಗೆ ಬೀಳುತ್ತದೆ. ಒಳಗಿನ ಕನ್ನಡಿಯ ಆಕಾರ ಹ್ಯಾಲೊಜನ್ ತಂತಿಯ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು, ಬೆಳಕಿನ ಮೂಲ ಅಲ್ಲಿಂದ ಸ್ವಲ್ಪ ಆಚೀಚೆ ಆದರೂ ಚೆದುರುತ್ತದೆ. ಮಂಜು ಕವಿದ ಚಾರ್ಮಾಡಿಯಲ್ಲಿ ಎದುರಿಂದ ಅಂಥ ಕಾರು ಬಂದರೆ ಕೆಲವು ಕ್ಷಣ ಏನೂ ಕಾಣುವುದಿಲ್ಲ, ಪಕ್ಕದಲ್ಲಿ ಪ್ರಪಾತ. ದಯವಿಟ್ಟು ಹಾಕಿಸಬೇಡಿ. ಅದೇ ವಾಟಿನ ಒಳ್ಳೆಯ ಹ್ಯಾಲೊಜನ್ ಬಲ್ಬ್, ಲೈಟಿನ ಮೇಲಿನ ಹಳದಿ ಪೊರೆಗೆ ಪಾಲಿಶ್, ಲೆವೆಲ್ ಸರಿಮಾಡುವುದು, ಇಷ್ಟು ಮಾಡಿಸಿದರೆ ನನಗೆ ಘಾಟಿಯಲ್ಲಿ ಸಾಕಾಗಿದೆ.

ಕಾನೂನು ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೆ ಮಾಲೀಕನಿಗೆ 5 ಸಾವಿರ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಬಣ್ಣ ಬದಲಿಸಬೇಕಾದರೆ ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಗಾಜಿಗೆ ಕಪ್ಪು ಫಿಲ್ಮು ಅಂಟಿಸುವಂತಿಲ್ಲ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿದೆ. ಗಾಜು ಹೇಗಿದ್ದರೂ ಮುಂದೆ, ಹಿಂದೆ ಶೇಕಡಾ 70, ಪಕ್ಕದಲ್ಲಿ ಶೇಕಡಾ 50 ಬೆಳಕು ಒಳಗೆ ಬರಲೇಬೇಕು. ಇನ್ಶೂರೆನ್ಸ್ ಕಂಪನಿಗೆ ಮಾಡಿಸಿದ್ದೆಲ್ಲವನ್ನೂ, ರೀಮ್ಯಾಪ್ ಸೇರಿಸಿ, ಬರವಣಿಗೆಯಲ್ಲಿ ತಿಳಿಸಿ. ಅಪಘಾತವಾದ ದಿನ ಅವರೇ ಕಂಡುಹಿಡಿದರೆ ಕ್ಲೇಮ್ ತಳ್ಳಿಹಾಕಲು ಅದೊಂದೇ ಕಾರಣ ಸಾಕು.

ಒಟ್ಟು ಖರ್ಚು ರಿಮ್ಮು, ಕೂಲಿ ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಬಂತು. ಇಷ್ಟು ದುಡ್ಡನ್ನು ಸೇರಿಸಿ ಇನ್ನೊಂದು ಕಾರು ತಗೊಳ್ಳಬಹುದಿತ್ತಲ್ಲ ಅಂತ ಅಪ್ಪ ಕೇಳಿದರು, ಸರಿಯಾದ ಪ್ರಶ್ನೆ. ಫೋಕ್ಸ್‌ವ್ಯಾಗನ್ನಿನದೇ ಹೊಸ ಸೆಡಾನ್ ವರ್ಟಸ್ 1.5 ಟಿಎಸ್‌ಐ ಶೋರೂಮಿನಿಂದಲೇ 150 ಪಿಎಸ್, 250 ನ್ಯೂಟನ್ ಮೀಟರ್ ಕೊಡುತ್ತದೆ, ವಾರಂಟಿ ಸಮೇತ. ಅಷ್ಟು ಬಜೆಟ್ ಇದ್ದವರು ಅದನ್ನೇ ತಗೊಳ್ಳಿ, ಟೈರು ಒಂದು ಬಿಟ್ಟು ಬೇರೇನೂ ಮುಟ್ಟಬೇಡಿ. ಆದರೆ ಅದಕ್ಕೂ ನನ್ನ ಹಳೇ ವೆಂಟೊಗೂ ಬೆಲೆಯ ಅಂತರ ಈ ಎರಡು ಲಕ್ಷಕ್ಕಿಂತ ಎಷ್ಟೋ ಪಟ್ಟು. ನನ್ನ ಹಾಗೆ ಗಟ್ಟಿಮುಟ್ಟಾದ ಹಳೇ ಟರ್ಬೊ ಸೆಡಾನ್ ಇರುವವರು, ದುಡ್ಡು ಒಂದೇ ಸಲ ಇಲ್ಲದಿದ್ದರೆ, ಈ ಮಳೆಗಾಲದ ಮುಂಚೆ ಟೈರು ಮತ್ತು ಬ್ರೇಕ್ ಆಯಿಲ್, ದೀಪಾವಳಿ ಹೊತ್ತಿಗೆ ಶಾಕ್ ಮಾಡಿಸಿ. ರೀಮ್ಯಾಪ್ ಮುಂದಿನ ವರ್ಷಕ್ಕೆ ಹೋದರೂ ನಷ್ಟವಿಲ್ಲ. ಶಾಕ್ ಬಜೆಟ್ ಬಿ6ಗೆ ಸಾಲದಿದ್ದರೆ ಬಿ4 ಹಾಕಿಸಿ, ಅಥವಾ ಕಂಪನಿಯ ಹೊಸ ಶಾಕನ್ನೇ ಹಾಕಿಸಿ. ಸತ್ತ ಶಾಕ್ ಬದಲಿಗೆ ಯಾವುದಾದರೂ ಹೊಸದು ಹಾಕಿದರೆ ವ್ಯತ್ಯಾಸ ಮೊದಲ ಹಂಪಿಗೇ ಗೊತ್ತಾಗುತ್ತದೆ.